ಬಜ್ಪೆ ಇಲ್ಲದಿದ್ದರೆ: ಹುಲಿಪಟ್ಟೆಯ ಡಕೋಟಾ ಮಾದರಿಯೊಂದರ ಪ್ರಕರಣ ಅಧ್ಯಯನ

1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರಿದ್ದ ಡಗ್ಲಸ್ ಡಿಸಿ-3 ವಿಮಾನವು (ಡಕೋಟಾ ಎಂಬುದು ಇದರದ್ದೇ ಇನ್ನೊಂದು ಹೆಸರು) ಬಜ್ಪೆಯ ಗುಡ್ಡದ ಮೇಲೆ ಇಳಿಯುವುದರೊಂದಿಗೆ ಮಂಗಳೂರಿಗೆ ವಿಮಾನ ನಿಲ್ದಾಣ ಬಂತು. ಆ ಗುಡ್ಡವನ್ನು ಯಾರೂ ಮಟ್ಟಸ ಮಾಡದೇ ಇದ್ದಿದ್ದರೆ ಅದೇ ವಿಮಾನ ನಮ್ಮೂರಿನಲ್ಲಿ ಎಲ್ಲಿ ಇಳಿಯಬೇಕಾಗುತ್ತಿತ್ತು ಎಂಬ ಪ್ರಶ್ನೆಯನ್ನು ಹಿಡಿದುಕೊಂಡು, ಕಳೆದ ವರ್ಷದ ಜೂನ್‌ನಿಂದ ನವರಾತ್ರಿಯವರೆಗೆ ಕದ್ರಿಯ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ನಾನು ಮತ್ತು ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಳಿಯ, ಎಂದರೆ ತಂಗಿಯ ಮಗ, ಸೇರಿ ಕಟ್ಟಿದ ಮಾದರಿಯೊಂದರ ವಿವರಗಳನ್ನು ಇಲ್ಲಿ ದಾಖಲಿಸಿದ್ದೇನೆ. ಮಾದರಿಯ ಪ್ರಮಾಣ 1/72. ರೆಕ್ಕೆಯ ತುದಿಯಿಂದ ತುದಿಗೆ 40 ಸೆಂ.ಮೀ. ಚಕ್ರಗಳ ಜಾಗದಲ್ಲಿ ಎರಡು ಫ್ಲೋಟ್‌ಗಳಿವೆ, ಎಂದರೆ ವಿಮಾನವನ್ನು ನೀರಿನ ಮೇಲೆ ತೇಲಿಸುವ ದೋಣಿಯಂಥ ತೇಲುಗಳಿವೆ, ಮೈತುಂಬ ಹುಲಿವೇಷದ ಪಟ್ಟೆಗಳಿವೆ. ನೋಡಿದವರು ಮೊದಲು ನಗುತ್ತಾರೆ, ಆಮೇಲೆ ಹತ್ತಿರ ಬಂದು ‘ಇಂಥದ್ದು ನಿಜಕ್ಕೂ ಇತ್ತೋ?’ ಎಂದು ಕೇಳುತ್ತಾರೆ. ಆ ನಗೆಗೆ ನಮಗೆ ಒಂದು ವಾರ ಸಾಕಾಗಿತ್ತು. ಆ ಪ್ರಶ್ನೆಗೆ ನಾಲ್ಕು ತಿಂಗಳು ಬೇಕಾಯಿತು.

ಮಾದರಿ ಕಟ್ಟುವವರು ಇಂಥವನ್ನು ‘ವಾಟ್ ಇಫ್’ ಎನ್ನುತ್ತಾರೆ. ನಡೆಯದೇ ಹೋದ ಇತಿಹಾಸವೊಂದನ್ನು ಊಹಿಸಿ ಅದರಲ್ಲಿ ಇರಬಹುದಾಗಿದ್ದ ವಿಮಾನವನ್ನೋ ಹಡಗನ್ನೋ ಕಟ್ಟುವುದು ಇದರ ಕ್ರಮ. ಇದ್ದದ್ದನ್ನು ಇದ್ದ ಹಾಗೆ ಕಟ್ಟುವವರಿಗೆ ಛಾಯಾಚಿತ್ರವೇ ಪ್ರಮಾಣ, ತಪ್ಪಿದರೆ ತಿದ್ದಿಕೊಳ್ಳಬಹುದು. ಊಹೆಯ ವಿಮಾನಕ್ಕೆ ಅಂಥ ಆಸರೆ ಇಲ್ಲ. ಹಾಗಾಗಿ ಇದು ಸುಲಭದ ಕೆಲಸ, ಮನಸ್ಸಿಗೆ ಬಂದದ್ದನ್ನು ಅಂಟಿಸಿದರಾಯಿತು ಎಂಬ ಅಭಿಪ್ರಾಯ ಹಲವರಲ್ಲಿದೆ. ನನ್ನಲ್ಲೂ ಇತ್ತು.

ಮೊದಲ ಪ್ರಯತ್ನ ಮತ್ತು ಅದು ಕೆಟ್ಟ ಬಗೆ

ಜೂನ್ ಮೊದಲ ವಾರದಲ್ಲಿ ಕಿಟ್‌ನ ಪೆಟ್ಟಿಗೆ ಬಿಚ್ಚಿದಾಗ ನಮ್ಮಿಬ್ಬರ ತಲೆಯಲ್ಲಿಯೂ ಬೇಕಾದಷ್ಟು ತಮಾಷೆಗಳಿದ್ದವು. ಅಳಿಯನಿಗೆ ಪ್ರೊಪೆಲ್ಲರ್ ಎಂಜಿನ್‌ಗಳ ಬದಲು ಜೆಟ್ ಎಂಜಿನ್ ಬೇಕಿತ್ತು. ನನಗೆ ಹುಲಿಪಟ್ಟೆ ಬೇಕಿತ್ತು. ಬಾಲದ ರೆಕ್ಕೆಯ ಮೇಲೆ ಗಂಡಭೇರುಂಡ ಇರಲಿ ಎಂದು ಅವನೆಂದ, ಫ್ಲೋಟ್ ಹಾಕೋಣ ಎಂದು ನಾನೆಂದೆ. ಒಂದು ವಾರದಲ್ಲಿ ಇವೆಲ್ಲವನ್ನೂ ಹಳೆಯ ಬಿಡಿಭಾಗಗಳಿಂದ ತಾತ್ಕಾಲಿಕವಾಗಿ ಜೋಡಿಸಿ, ಟೇಪ್ ಸುತ್ತಿ ಮೇಜಿನ ಮೇಲೆ ನಿಲ್ಲಿಸಿದೆವು. ಕಾರ್ಟೂನಿನ ಹಾಗೆ ಕಾಣುತ್ತಿತ್ತು. ಕಾರ್ಟೂನ್ ಆಗಿದ್ದರೂ ಚಿಂತೆಯಿರಲಿಲ್ಲ, ಆದರೆ ಎರಡನೆಯ ದಿನ ನೋಡುವಾಗ ಅದರಲ್ಲಿ ನೋಡುವುದಕ್ಕೆ ಏನೂ ಉಳಿದಿರಲಿಲ್ಲ.

ಏಕೆ ಹೀಗಾಯಿತು ಎಂದು ಇಬ್ಬರೂ ಕುಳಿತು ಒಂದೊಂದಾಗಿ ಕಾರಣ ಹುಡುಕಿದೆವು. ಜೆಟ್ ಎಂಜಿನ್‌ಗೂ ಫ್ಲೋಟ್‌ಗೂ ಸಂಬಂಧವಿಲ್ಲ, ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ. ಟರ್ಬೊಪ್ರಾಪ್ ಎಂಜಿನ್ ಕೂರಿಸಿದ ಡಕೋಟಾಗಳು ನಿಜವಾಗಿಯೂ ಇವೆ, ಆದರೆ ಅವು ನಮ್ಮ ಕಥೆಯ ಕಾಲದವಲ್ಲ. ಗಂಡಭೇರುಂಡವಂತೂ ನೇರವಾಗಿ ತಪ್ಪು: 1951ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸ್ ರಾಜ್ಯದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಮೈಸೂರಿನ ಲಾಂಛನ ಹೊತ್ತ ವಿಮಾನ ಮಂಗಳೂರಿನ ಸ್ವಂತದ್ದಾಗಬೇಕಾದರೆ ಇನ್ನೊಂದು ಬೇರೆಯೇ ಇತಿಹಾಸವನ್ನು ಊಹಿಸಬೇಕು. ಹೀಗೆ ಒಂದೇ ಮಾದರಿಯ ಮೇಲೆ ನಾಲ್ಕು ಬೇರೆ ಬೇರೆ ಸುಳ್ಳುಗಳನ್ನು ಹೇರಿದ್ದೆವು, ಅವುಗಳಲ್ಲಿ ಯಾವುದೂ ಇನ್ನೊಂದಕ್ಕೆ ಸಾಕ್ಷಿ ಹೇಳುತ್ತಿರಲಿಲ್ಲ.

ಗುಡ್ಡದ ಮೇಲಿನ ರನ್‌ವೇಯನ್ನೇ ತಮಾಷೆಗೆ ಬಳಸುವ ಒಂದು ಯೋಚನೆಯೂ ಬಂದಿತ್ತು, ಅದನ್ನು ಮಾತ್ರ ಚರ್ಚೆಗೆ ಮೊದಲೇ ಕೈಬಿಟ್ಟೆವು. 2010ರ ಮೇ 22ರ ಬೆಳಿಗ್ಗೆ ಅಲ್ಲಿ ನಡೆದ ವಿಮಾನ ಅಪಘಾತದಲ್ಲಿ 158 ಜನ ತೀರಿಕೊಂಡರು. ಈ ಊರಿನಲ್ಲಿ ಆ ಗುಡ್ಡದ ಅಂಚು ನಗೆಗೆ ಒದಗುವ ವಸ್ತುವಲ್ಲ.

ಒಂದು ಊಹೆ, ಉಳಿದದ್ದೆಲ್ಲ ಅದರ ಮಕ್ಕಳು

ಎರಡನೆಯ ಸಲ ಶುರುಮಾಡುವಾಗ ನಾವು ಒಂದು ಕಟ್ಟುಪಾಡು ಹಾಕಿಕೊಂಡೆವು. ಊಹೆ ಒಂದೇ ಇರಬೇಕು, ಮಾದರಿಯ ಮೇಲಿನ ಪ್ರತಿಯೊಂದು ವಿಚಿತ್ರವೂ ಆ ಊಹೆಯ ಹೊಟ್ಟೆಯಿಂದಲೇ ಹುಟ್ಟಿಬರಬೇಕು. ಹುಟ್ಟದಿದ್ದರೆ ಅದು ಎಷ್ಟೇ ಚೆಂದವಿದ್ದರೂ ಬೇಡ. ಊಹೆ ಇಷ್ಟು: 1951ರಲ್ಲಿ ಬಜ್ಪೆಯಲ್ಲಿ ರನ್‌ವೇ ಆಗಲಿಲ್ಲ.

ಹಾಗಾದರೆ ವಿಮಾನದ ಅಗತ್ಯವಿತ್ತೇ? ಇತ್ತು. 1935ರಲ್ಲಿ ಟಾಟಾ ಸಂಸ್ಥೆ ಆರಂಭಿಸಿದ ಮುಂಬಯಿ–ತಿರುವನಂತಪುರ ವಿಮಾನ ಗೋವಾದಲ್ಲಿಯೂ ಕಣ್ಣೂರಿನಲ್ಲಿಯೂ ಇಳಿಯುತ್ತಿತ್ತು. ಎರಡರ ನಡುವೆ ಇದ್ದ ಮಂಗಳೂರಿನಲ್ಲಿ ಇಳಿಯುತ್ತಿರಲಿಲ್ಲ. ಮುಂಬಯಿಗೆ ಕರಾವಳಿಯ ಗುಂಟ ನೇರ ರೈಲು ಬಂದದ್ದು 1998ರಲ್ಲಿ, ಕೊಂಕಣ ರೈಲುಮಾರ್ಗ ಪೂರ್ಣವಾದ ಮೇಲೆ. ಹೋಟೆಲು, ಬ್ಯಾಂಕು, ಗಿರಣಿ ಎಂದು ಮುಂಬಯಿ ಸೇರಿದ್ದ ನಮ್ಮ ಜಿಲ್ಲೆಯ ಜನ 1951ರ ಆಸುಪಾಸಿನಲ್ಲಿ ಸ್ಟೀಮರನ್ನು ಅಥವಾ ಘಾಟಿಯ ಸುತ್ತುದಾರಿಯನ್ನು ನೆಚ್ಚಬೇಕಾಗಿತ್ತು.

ವಿಮಾನ ಸಿಗುತ್ತಿತ್ತೇ? ಧಾರಾಳವಾಗಿ. 1935ರ ಡಿಸೆಂಬರ್ 17ರಂದು ಮೊದಲು ಹಾರಿದ ಡಿಸಿ-3ರ ನಾಗರಿಕ ಮಾದರಿಗಳು ಕೇವಲ 607 ತಯಾರಾದರೂ ಯುದ್ಧಕ್ಕಾಗಿ ಅದರ ಸೈನಿಕ ರೂಪ ಹತ್ತು ಸಾವಿರದ ಲೆಕ್ಕದಲ್ಲಿ ತಯಾರಾಯಿತು. ಯುದ್ಧ ಮುಗಿದ ಮೇಲೆ ಭಾರತದಲ್ಲಿ ಉಳಿದ ಡಕೋಟಾಗಳು ಅಗ್ಗದಲ್ಲಿ ಮಾರಾಟವಾದವು, ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅವುಗಳನ್ನು ಪ್ರಯಾಣಿಕರಿಗೆ ತಕ್ಕಂತೆ ಮಾರ್ಪಡಿಸುವ ಕೆಲಸ ನಡೆಯಿತು, ಅವುಗಳನ್ನೇ ನಂಬಿ ಹುಟ್ಟಿದ ಹಲವು ಖಾಸಗಿ ವಿಮಾನ ಸಂಸ್ಥೆಗಳು 1953ರ ರಾಷ್ಟ್ರೀಕರಣದವರೆಗೂ ನಡೆದವು. ಡಕೋಟಾವನ್ನು ನೀರಿನ ಮೇಲೆ ಇಳಿಸಬಹುದೇ ಎಂಬುದಕ್ಕೂ ಉತ್ತರ ಇತಿಹಾಸದಲ್ಲೇ ಇದೆ. ಅಮೆರಿಕದ ಸೈನ್ಯ ಯುದ್ಧಕಾಲದಲ್ಲಿ ಎಕ್ಸ್‌ಸಿ-47ಸಿ ಎಂಬ ಹೆಸರಿನಲ್ಲಿ ಡಕೋಟಾ ಒಂದಕ್ಕೆ ಎಡೋ ಕಂಪನಿಯ ದೊಡ್ಡ ಫ್ಲೋಟ್‌ಗಳನ್ನು ಕಟ್ಟಿ ಹಾರಿಸಿತ್ತು. ಆ ಫ್ಲೋಟ್‌ಗಳೊಳಗೆ ಮಡಚುವ ಚಕ್ರಗಳೂ ಇದ್ದುದರಿಂದ ಅದು ನೆಲದ ಮೇಲೂ ಇಳಿಯಬಲ್ಲದಾಗಿತ್ತು. ನಮ್ಮ ಕಥೆಯಲ್ಲಿ ನೆಲವೇ ಇಲ್ಲವಾದ್ದರಿಂದ ಚಕ್ರ ಬೇಡವೆಂದು ತೀರ್ಮಾನಿಸಿದೆವು. ಈ ತೀರ್ಮಾನ ಕೊನೆಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿತು.

ನೀರು ಎಲ್ಲಿ? ಗುರುಪುರ ಹೊಳೆ ಸಮುದ್ರದ ಹತ್ತಿರ ಬಂದ ಮೇಲೆ ನೇರವಾಗಿ ಸಮುದ್ರ ಸೇರದೆ, ಬೆಂಗ್ರೆಯ ಮರಳಿನ ದಿಬ್ಬದ ಒಳಬದಿಯಲ್ಲಿ ದಕ್ಷಿಣಕ್ಕೆ ಹರಿದು ಅಳಿವೆಯಲ್ಲಿ ನೇತ್ರಾವತಿಯನ್ನು ಕೂಡಿಕೊಳ್ಳುತ್ತದೆ. ಸುಲ್ತಾನ್ ಬತ್ತೇರಿಯಿಂದ ಹಳೆ ಬಂದರಿನ ಕಡೆಗೆ ನೋಡಿದರೆ ಆ ನೀರು ಎಷ್ಟು ನೇರವಾಗಿ ಚಾಚಿಕೊಂಡಿದೆ ಎಂಬುದು ತಿಳಿಯುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಅಡ್ಡಲಾಗಿ ಬೀಸುತ್ತದೆ, ಆದ್ದರಿಂದ ನಮ್ಮ ವಿಮಾನ ಬೆಳಿಗ್ಗೆಯೇ ಹೊರಡುತ್ತದೆ.

ಇಲ್ಲಿಗೆ ಬಂದಾಗ ಹುಲಿಪಟ್ಟೆಯ ಪ್ರಶ್ನೆ ತಾನಾಗಿ ಬಗೆಹರಿಯಿತು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಮರದ ದಿಮ್ಮಿಗಳನ್ನು ಹೊತ್ತು ತರುವಾಗ, ಅಳಿವೆಯಲ್ಲಿ ತೆರೆ ಎದ್ದಿರುವಾಗ, ಸರಕಿನ ಹಾಯಿಹಡಗುಗಳಾದ ಮಂಜಿಗಳೇ ಕಡಲಿಗಿಳಿಯದಿರುವಾಗ ಫ್ಲೋಟಿನ ವಿಮಾನ ಹಾರುವ ಮಾತಿಲ್ಲ. ಅಂದರೆ ಅದರ ಹಂಗಾಮು ಮಳೆ ಹಿಂದೆ ಸರಿದ ಮೇಲೆ ಶುರುವಾಗಬೇಕು, ಎಂದರೆ ನವರಾತ್ರಿಯ ಹೊತ್ತಿಗೆ. ನವರಾತ್ರಿಯಲ್ಲಿ ಮಂಗಳೂರಿನ ಬೀದಿಯಲ್ಲಿ ತಾಸೆಯ ಪೆಟ್ಟಿಗೆ ಹುಲಿ ಕುಣಿಯುತ್ತಿರುವಾಗ ಹಂಗಾಮಿನ ಮೊದಲ ವಿಮಾನಕ್ಕೆ ಹುಲಿಯ ಬಣ್ಣ ಬಳಿಯದೇ ಇರುವವರು ಈ ಊರಿನವರೇ ಅಲ್ಲ. ಜೂನ್ ತಿಂಗಳಲ್ಲಿ ಬರೀ ಹುಚ್ಚಾಟವಾಗಿದ್ದ ಪಟ್ಟೆ ಈಗ ವೇಳಾಪಟ್ಟಿಯಿಂದ ಹುಟ್ಟಿದ ಪಟ್ಟೆಯಾಯಿತು. ಹಬ್ಬಕ್ಕೆ ಬಳಿದ ಬಣ್ಣ ಹಬ್ಬ ಮುಗಿದ ಮೇಲೆ ತೊಳೆದು ಹೋಗುವಂಥದ್ದಾಗಿರಬೇಕು, ಅದರ ಅಡಿಯಲ್ಲಿ ವಿಮಾನದ ನಿತ್ಯದ ಅಲ್ಯೂಮಿನಿಯಂ ಮೈ ಇರಬೇಕು ಎಂಬುದೂ ಇದರಿಂದಲೇ ಹೊರಟಿತು.

ಫ್ಲೋಟಿನ ಲೆಕ್ಕ

ಅಳಿಯ ಹಳೆಯ ಚಿತ್ರಗಳನ್ನು ನೋಡಿ ಕಂಪ್ಯೂಟರಿನಲ್ಲಿ ಫ್ಲೋಟ್ ಬಿಡಿಸಿ, 3ಡಿ ಪ್ರಿಂಟರಿನಲ್ಲಿ ಒಳಟೊಳ್ಳಾಗಿ ಅಚ್ಚುಹಾಕಿಸಿ ತಂದ. 15 ಸೆಂ.ಮೀ. ಉದ್ದವಿದ್ದ ಅವು ನೋಡಲು ಸೊಗಸಾಗಿದ್ದವು. ಆದರೆ ವಿಮಾನದ ಕೆಳಗೆ ಹಿಡಿದಾಗ ಏನೋ ಕಡಿಮೆಯಾದಂತೆ ಕಂಡಿತು. ಇಂಥ ಕಡೆ ಕಣ್ಣನ್ನು ನಂಬಬೇಕೋ ಲೆಕ್ಕವನ್ನು ನಂಬಬೇಕೋ ಎಂಬ ಗೊಂದಲ ಎಲ್ಲರಿಗೂ ಬರುತ್ತದೆ. ನಾವು ಲೆಕ್ಕಕ್ಕೆ ಹೋದೆವು.

ಡಿಸಿ-3 ಪೂರ್ತಿ ಭಾರ ಹೊತ್ತು ಹೊರಡುವಾಗ ಸುಮಾರು 11,400 ಕಿಲೋ ತೂಗುತ್ತದೆ. ನೀರಿನ ಮೇಲಿಳಿಯುವ ವಿಮಾನಗಳ ನಿಯಮದಂತೆ ಫ್ಲೋಟ್‌ಗಳು ತಾವು ಹೊರಬೇಕಾದ ಭಾರಕ್ಕಿಂತ ಶೇ. 80ರಷ್ಟು ಹೆಚ್ಚು ಹೊರುವಂತಿರಬೇಕು. ಆ ಪ್ರಕಾರ ಎರಡೂ ಸೇರಿ 20,520 ಕಿಲೋ, ಒಂದೊಂದಕ್ಕೆ 10,260 ಕಿಲೋ ನೀರನ್ನು ಪಕ್ಕಕ್ಕೆ ಸರಿಸುವಷ್ಟು ಗಾತ್ರ ಬೇಕು. 1/72 ಪ್ರಮಾಣದಲ್ಲಿ ಉದ್ದ 72 ಪಾಲು ಕುಗ್ಗಿದರೆ ಗಾತ್ರ 72ನ್ನು ಮೂರು ಬಾರಿ ಗುಣಿಸಿದಷ್ಟು, ಅಂದರೆ 3,73,248 ಪಾಲು ಕುಗ್ಗುತ್ತದೆ. 10,260 ಲೀಟರು ಹೀಗೆ ಕುಗ್ಗಿ 27.5 ಮಿಲಿಲೀಟರು ಆಗುತ್ತದೆ.

ಅಳಿಯನ ಫ್ಲೋಟ್ ಎಷ್ಟಿತ್ತು ಎಂದು ನೋಡಲು ಪ್ಲಾಸ್ಟಿಕ್ ಬಾಟಲಿಯೊಂದರ ಕುತ್ತಿಗೆ ಕೊಯ್ದು, ಅಂಚಿನವರೆಗೆ ನೀರು ತುಂಬಿ, ಬಟ್ಟಲಿನೊಳಗೆ ನಿಲ್ಲಿಸಿ, ಬಾಯಿ ಮುಚ್ಚಿದ ಫ್ಲೋಟನ್ನು ಬೆರಳಿನಿಂದ ಅದುಮಿ ಪೂರ್ತಿ ಮುಳುಗಿಸಿದೆವು. ಹೊರಚೆಲ್ಲಿದ ನೀರನ್ನು ಔಷಧಿ ಅಂಗಡಿಯ 10 ಮಿಲಿಲೀಟರಿನ ಸಿರಿಂಜಿನಲ್ಲಿ ಎಳೆದು ಅಳೆದರೆ ಒಂದು ಸಿರಿಂಜು ತುಂಬಿ ಇನ್ನೊಂದು ಒಂಬತ್ತರ ಗೆರೆಗೆ ನಿಂತಿತು: 19 ಮಿಲಿಲೀಟರು. ಈ ಫ್ಲೋಟುಗಳ ಮೇಲೆ ನಿಜವಾದ ಡಕೋಟಾ ನಿಂತಿದ್ದರೆ ಒಂದು ತೆರೆ ಬಂದರೂ ನೀರು ಫ್ಲೋಟಿನ ಬೆನ್ನ ಮೇಲೆ ಹರಿಯುತ್ತಿತ್ತು. 27.5ನ್ನು 19ರಿಂದ ಭಾಗಿಸಿ ಘನಮೂಲ ತೆಗೆದಾಗ ಉದ್ದ, ಅಗಲ, ಎತ್ತರ ಮೂರನ್ನೂ ಶೇ. 13ರಷ್ಟು ಹಿಗ್ಗಿಸಬೇಕೆಂದು ಗೊತ್ತಾಯಿತು. ಹೊಸ ಫ್ಲೋಟ್ 17 ಸೆಂ.ಮೀ. ಉದ್ದವಾಯಿತು. ಅದನ್ನು ವಿಮಾನದ ಕೆಳಗೆ ಹಿಡಿದಾಗ ಯಾರೂ ಏನೂ ಹೇಳಬೇಕಾಗಲಿಲ್ಲ, ಕಣ್ಣಿನ ಅನುಮಾನವೂ ಲೆಕ್ಕದ ಉತ್ತರವೂ ಒಂದೇ ಕಡೆ ಬಂದು ನಿಂತಿದ್ದವು.

ಸ್ಥಾನದ ವಿಷಯದಲ್ಲಿ ಎರಡು ತಿದ್ದುಪಡಿಗಳಾದವು. ಫ್ಲೋಟಿನ ತಳದ ನಡುವೆ ಒಂದು ಮೆಟ್ಟಿಲಿನಂಥ ಕಡಿತವಿರುತ್ತದೆ. ವಿಮಾನ ವೇಗ ಹಿಡಿದಾಗ ನೀರಿನ ಎಳೆತದಿಂದ ತಳ ಬಿಡಿಸಿಕೊಳ್ಳುವುದು ಅಲ್ಲಿಯೇ. ಅದು ವಿಮಾನದ ಭಾರಕೇಂದ್ರಕ್ಕಿಂತ ತುಸು ಹಿಂದೆ ಇರಬೇಕು, ನಾವು ಮುಂದೆ ಇಟ್ಟಿದ್ದೆವು. ಎರಡನೆಯದು ಪ್ರೊಪೆಲ್ಲರ್. ಅದರ ತುದಿಗೂ ನೀರಿಗೂ ನಡುವೆ ಕಡಿಮೆಯೆಂದರೂ 18 ಇಂಚು ಅಂತರ ಬೇಕು, ನಮ್ಮ ಪ್ರಮಾಣದಲ್ಲಿ 6.35 ಮಿ.ಮೀ. ಆದರೆ ನೀರಿನ ಗೆರೆ ಫ್ಲೋಟಿನ ಮೇಲೆ ಎಲ್ಲಿ ಬರುತ್ತದೆಂದು ತಿಳಿಯದೆ ಈ ಅಂತರವನ್ನು ಅಳೆಯುವುದು ಹೇಗೆ? 11,400 ಕಿಲೋ ಭಾರವನ್ನು 3,73,248ರಿಂದ ಭಾಗಿಸಿದರೆ 30.5 ಗ್ರಾಂ. ಅದರ ಅರ್ಧ, 15.25 ಗ್ರಾಂ, ಒಂದು ಫ್ಲೋಟಿನ ಪಾಲು. ಫ್ಲೋಟಿನೊಳಗೆ ಸೈಕಲ್ ಬೇರಿಂಗಿನ ಗುಂಡುಗಳನ್ನು ಹಾಕುತ್ತ, ಒಟ್ಟು ತೂಕ 15.25 ಗ್ರಾಂ ಆಗುವವರೆಗೆ ಹೊಂದಿಸಿ, ತೊಟ್ಟಿಯಲ್ಲಿ ತೇಲಲು ಬಿಟ್ಟು, ನೀರು ಮುಟ್ಟಿದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದೆವು. ಆ ಗೆರೆಯಿಂದ ಅಳೆದಾಗ ಪ್ರೊಪೆಲ್ಲರಿನ ಅಂತರ 5 ಮಿ.ಮೀ.ಗೂ ಕಡಿಮೆಯಿತ್ತು. ಫ್ಲೋಟನ್ನು ರೆಕ್ಕೆಗೆ ಜೋಡಿಸುವ ಕಂಬಗಳನ್ನು 2 ಮಿ.ಮೀ. ಎತ್ತರಿಸಬೇಕಾಯಿತು. ಕಂಬಗಳಿಗೆ ಪ್ಲಾಸ್ಟಿಕ್ ಬೇಡವೆಂದು ಹಿತ್ತಾಳೆಯ ಸಣ್ಣ ಕೊಳವೆ ಬಳಸಿದ್ದು ನಾನು ಈ ಕೆಲಸದಲ್ಲಿ ಮಾಡಿದ ಕೆಲವೇ ಜಾಣತನಗಳಲ್ಲಿ ಒಂದು. ಫ್ಲೋಟುಗಳ ಮುಂಭಾಗ ಗಾಳಿಗೆ ಒಡ್ಡಿಕೊಂಡು ವಿಮಾನದ ಮೂತಿಯನ್ನು ಅತ್ತಿತ್ತ ತಿರುಗಿಸಲು ನೋಡುವುದರಿಂದ ಬಾಲದ ಕೆಳಗೆ ಒಂದು ಚಿಕ್ಕ ಈಜುರೆಕ್ಕೆಯನ್ನೂ ಸೇರಿಸಿದೆವು. ಇದನ್ನು ಗಮನಿಸಿದವರು ಈವರೆಗೆ ಯಾರೂ ಇಲ್ಲ.

ಇಷ್ಟೆಲ್ಲ ಲೆಕ್ಕ ಸರಿಬಂದ ಉತ್ಸಾಹದಲ್ಲಿ ಅಳಿಯ ಒಂದು ಭಾನುವಾರ ಇಡೀ ಮಾದರಿಯನ್ನು ಬಾವಿಕಟ್ಟೆಯ ಪಕ್ಕದ ತೊಟ್ಟಿಗೆ ಇಳಿಸಿದ. ಅದು ತೇಲಲಿಲ್ಲ. ಫ್ಲೋಟುಗಳು ಪೂರ್ತಿ ಮುಳುಗಿ, ರೆಕ್ಕೆ ನೀರಿಗೆ ತಾಗಿ, ಒಂದು ಬದಿಗೆ ವಾಲಿಕೊಂಡು ನಿಂತಿತು. ‘ಮಾವ, ಲೆಕ್ಕ ತಪ್ಪಿದೆ’ ಎಂದು ಅವನು ಓಡಿಬಂದ. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದರೆ ಮಾದರಿ 142 ಗ್ರಾಂ ಇತ್ತು. ಲೆಕ್ಕದ ಪ್ರಕಾರ ಇರಬೇಕಾಗಿದ್ದದ್ದು 30.5 ಗ್ರಾಂ, ಎರಡು ಫ್ಲೋಟುಗಳು ಒಟ್ಟಿಗೆ ಹೊರಬಲ್ಲದ್ದು 55 ಗ್ರಾಂ. ಲೆಕ್ಕ ತಪ್ಪಿರಲಿಲ್ಲ, ಪ್ಲಾಸ್ಟಿಕ್ ದಪ್ಪವಾಗಿತ್ತು. ಕಿಟ್‌ನ ಗೋಡೆ 1.2 ಮಿ.ಮೀ. ಇದೆ, ಅದನ್ನು 72 ಪಾಲು ಹಿಗ್ಗಿಸಿದರೆ 8.6 ಸೆಂ.ಮೀ. ದಪ್ಪದ ಚರ್ಮವಾಗುತ್ತದೆ. ನಿಜವಾದ ಡಕೋಟಾದ ಅಲ್ಯೂಮಿನಿಯಂ ತಗಡು ಒಂದು ಮಿಲಿಮೀಟರಿನ ಆಸುಪಾಸಿನದು. ಹಾಗಾಗಿ ನಮ್ಮ ವಿಮಾನ ನಿಜವಾದ ನೀರಿನಲ್ಲಿ ಸರಿಯಾಗಿ ತೇಲುವುದು ಸಾಧ್ಯವೇ ಇಲ್ಲ. ಪೆನ್ಸಿಲ್ ಗೆರೆಯವರೆಗೆ ಎರಕಹೊಯ್ದ ರೆಸಿನ್ನಿನ (ಗಟ್ಟಿಯಾಗುವ ಪಾರದರ್ಶಕ ರಾಳದ) ನಕಲಿ ನೀರಿನಲ್ಲಿ ಮಾತ್ರ ಅದು ಸತ್ಯವಾಗಿ ತೇಲುತ್ತದೆ.

ಪಟ್ಟೆ

ಹುಲಿಪಟ್ಟೆಯನ್ನು ಮೊದಲು ಕಂಪ್ಯೂಟರಿನಲ್ಲಿ ಬಿಡಿಸಿ ಡೆಕಾಲ್ ಹಾಳೆಯ (ಚಿತ್ರವನ್ನು ಮಾದರಿಗೆ ಅಂಟಿಸುವ ತೆಳು ಹಾಳೆಯ) ಮೇಲೆ ಮುದ್ರಿಸಿ ಅಂಟಿಸಿದೆವು. ಸಮ ಅಂತರ, ಸಮ ದಪ್ಪ, ಎರಡೂ ಬದಿಗೆ ಕನ್ನಡಿಯ ಪ್ರತಿಬಿಂಬದಂತೆ ಒಂದೇ ರೀತಿ. ರಸ್ತೆ ದಾಟುವ ಜಾಗದಲ್ಲಿ ಬಳಿಯುವ ಪಟ್ಟಿಯಂತೆ ಕಂಡಿತು. ಎರಡು ದಿನ ಸಹಿಸಿಕೊಂಡು ಮೂರನೆಯ ದಿನ ಟೇಪ್ ಹಚ್ಚಿ ಎಲ್ಲವನ್ನೂ ಕಿತ್ತೆವು.

ಪ್ರತಿವರ್ಷ ಹುಲಿವೇಷದ ತಂಡವೊಂದಕ್ಕೆ ಬಣ್ಣ ಬರೆಯುವ, ನಮ್ಮ ಓಣಿಯ ಕೊನೆಯ ಮನೆಯ ಹಿರಿಯರೊಬ್ಬರನ್ನು ಆಗ ಕರೆದೆವು. ಈಗ ಕಂಪ್ರೆಸರ್ ಇಟ್ಟು ಮೈಗೆ ಹಳದಿ ಸ್ಪ್ರೇ ಹೊಡೆಯುವುದು ಬಂದಿದ್ದರೂ ಪಟ್ಟೆಯನ್ನು ಅವರು ಕುಂಚದಿಂದಲೇ ಬರೆಯುತ್ತಾರೆ. ಅವರು ಮಾದರಿಯನ್ನು ಎರಡು ಬೆರಳಿನಲ್ಲಿ ಎತ್ತಿ, ಬೆನ್ನು ಮೇಲೆ ಬರುವಂತೆ ಹಿಡಿದು, ಹೆಬ್ಬೆರಳಿನಿಂದ ಮೂತಿಯಿಂದ ಬಾಲದವರೆಗೆ ಒಮ್ಮೆ ಸವರಿದರು. ‘ಪಟ್ಟೆ ಎಳೆಯುವುದಲ್ಲ ಮಾರಾಯ್ರೆ, ಮೈ ನೋಡಿ ಬಿಡುವುದು’ ಎಂದರು. ಅವರು ಹೇಳಿದ್ದರ ಸಾರ ಇಷ್ಟು: ಪಟ್ಟೆ ಬೆನ್ನುಮೂಳೆಯಿಂದ ಹೊರಟು ಕೆಳಗಿಳಿಯಬೇಕು, ಇಳಿಯುತ್ತ ತೆಳ್ಳಗಾಗಬೇಕು, ನಡುವೆ ಒಂದು ಕಡೆ ಕವಲೊಡೆಯಬೇಕು. ಎಡದ ಪಟ್ಟೆ ಬಲದ ಪಟ್ಟೆಗೆ ಎದುರಾಗಿ ಬರಬಾರದು, ಬಂದರೆ ಅದು ಅಂಗಿಯ ಗೆರೆಯಾಗುತ್ತದೆ. ಹೊಟ್ಟೆಯಲ್ಲಿ ಎರಡೂ ಕಡೆಯವು ಕೂಡಬಾರದು. ತೋಳು ಎಲ್ಲಿ ಮೈಗೆ ಸೇರುತ್ತದೋ ಅಲ್ಲಿ ಪಟ್ಟೆ ತಿರುಗಬೇಕು, ಇಲ್ಲದಿದ್ದರೆ ಹುಲಿ ಕುಣಿಯುವಾಗ ತೋಳು ಬೇರೆಯವರದ್ದರಂತೆ ಕಾಣುತ್ತದೆ.

ಕೊನೆಯ ಮಾತು ನಮಗೆ ತುಂಬ ಉಪಯೋಗಕ್ಕೆ ಬಂತು. ವಿಮಾನದ ಮೈಗೂ ರೆಕ್ಕೆಗೂ ನಡುವೆ ಬಾಗಿದ ಒಂದು ಸಂಧಿ ಇರುತ್ತದೆ. ಡೆಕಾಲ್ ಪಟ್ಟೆಗಳು ಅಲ್ಲಿ ಕತ್ತರಿಸಿದ ಹಾಗೆ ನಿಂತಿದ್ದವು. ಸೊನ್ನೆ-ಸೊನ್ನೆ ನಂಬರಿನ ಕುಂಚದಲ್ಲಿ ಕೈಯಿಂದಲೇ ಬರೆಯುವಾಗ ಮೈಯ ಮೇಲಿನ ಪಟ್ಟೆಯನ್ನು ಆ ಸಂಧಿಯಲ್ಲಿ ಹಿಂದಕ್ಕೆ ಬಾಗಿಸಿ ರೆಕ್ಕೆಯ ಮೇಲೆ ಹರಿಯಬಿಟ್ಟೆವು. ಎಡಕ್ಕೆ 23, ಬಲಕ್ಕೆ 21 ಪಟ್ಟೆಗಳಾದವು. ಮೂತಿಯ ಮೇಲೆ, ಚಾಲಕರ ಗಾಜಿನ ಮುಂದೆ, ಬಿಸಿಲು ಕಣ್ಣಿಗೆ ಹೊಡೆಯದಿರಲೆಂದು ವಿಮಾನಗಳಿಗೆ ಮಂದ ಕಪ್ಪು ಬಳಿಯುವ ರೂಢಿ ಇದೆ. ಅದನ್ನು ಹಾಗೆಯೇ ಉಳಿಸಿಕೊಂಡದ್ದರಿಂದ ಹುಲಿಗೆ ಮೂಗು ತಾನಾಗಿ ಒದಗಿತು. ಫ್ಲೋಟುಗಳಿಗೆ ಅಳಿಯ ಪಂಜ ಬರೆಯಬೇಕೆಂದಿದ್ದ, ನಾನು ಒಪ್ಪಲಿಲ್ಲ. ಹಬ್ಬಕ್ಕೆಂದು ಬಣ್ಣ ಬಳಿಯುವವನು ದಡದಲ್ಲೋ ದೋಣಿಯಲ್ಲೋ ನಿಂತು ಕೈಗೆಟಕುವಲ್ಲಿ ಬಳಿಯುತ್ತಾನೆಯೇ ಹೊರತು ನೀರಿನಲ್ಲಿ ಮುಳುಗಿರುವ ಭಾಗಕ್ಕಲ್ಲ. ಫ್ಲೋಟುಗಳು ಬರಿಯ ಬೂದು ಬಣ್ಣದಲ್ಲಿಯೇ ಉಳಿದವು. ಚಾಲಕರ ಕಿಟಕಿಯ ಕೆಳಗೆ ಎರಡೇ ಅಕ್ಷರ: ‘ಪಿಲಿ’, ತುಳುವಿನಲ್ಲಿ ಹುಲಿ. ವಿಮಾನಕ್ಕೆ ಹೆಸರಿಡುವುದು ಆ ಕಾಲದಲ್ಲಿ ವಾಡಿಕೆಯೇ ಆಗಿತ್ತು. 1948ರಲ್ಲಿ ಲಂಡನ್ನಿಗೆ ಹಾರಿದ ಏರ್ ಇಂಡಿಯಾದ ಮೊದಲ ವಿಮಾನದ ಹೆಸರು ‘ಮಲಬಾರ್ ಪ್ರಿನ್ಸೆಸ್’.

ಹಬ್ಬದ ಬಣ್ಣ ಅಲ್ಲಲ್ಲಿ ಎದ್ದು ಕೆಳಗಿನ ಬೆಳ್ಳಿಮೈ ಕಾಣಬೇಕಿತ್ತು. ಇದಕ್ಕೆ ಉಪ್ಪಿನ ಉಪಾಯವೊಂದಿದೆ: ಅಲ್ಯೂಮಿನಿಯಂ ಬಣ್ಣ ಒಣಗಿದ ಮೇಲೆ ಬೇಕಾದ ಜಾಗವನ್ನು ಒದ್ದೆ ಮಾಡಿ ಉಪ್ಪಿನ ಹರಳು ಉದುರಿಸಿ, ಅದು ಒಣಗಿ ಕಚ್ಚಿಕೊಂಡ ಮೇಲೆ ಹಳದಿ ಸ್ಪ್ರೇ ಮಾಡಿ, ಕೊನೆಗೆ ಉಪ್ಪನ್ನು ಉಜ್ಜಿ ತೊಳೆದರೆ ಹರಳಿದ್ದ ಕಡೆಯೆಲ್ಲ ಬೆಳ್ಳಿ ಕಾಣುತ್ತದೆ. ಒಣ ಹವೆಯ ಊರಿನವರಿಗೆ ಇದು ಅರ್ಧ ಗಂಟೆಯ ಕೆಲಸ. ನಾವು ಇದನ್ನು ಮಾಡಿದ್ದು ಆಗಸ್ಟ್ ತಿಂಗಳಲ್ಲಿ, ಅಡುಗೆಮನೆಯ ಭರಣಿಯ ಉಪ್ಪೇ ನೀರೊಡೆದು ಚಮಚಕ್ಕೆ ಅಂಟುತ್ತಿದ್ದ ದಿನಗಳಲ್ಲಿ. ಉಪ್ಪು ಒಣಗುವುದಿರಲಿ, ಗಂಟೆ ಕಳೆದಂತೆ ಗಾಳಿಯ ನೀರನ್ನು ಹೀರಿ ಬೆವರಿ, ರೆಕ್ಕೆಯ ಮೇಲೆ ಹರಿಯತೊಡಗಿತು. ಮೇಲೆ ಹೊಡೆದ ಹಳದಿ ಮೊಸರಿನಂತೆ ಒಡೆಯಿತು. ಅದಕ್ಕೂ ಹಿಂದೆ ಜುಲೈಯಲ್ಲಿ ವಾರ್ನಿಶ್ ಹೊಡೆದಾಗ ಅದು ಮಂಜು ಕವಿದಂತೆ ಬೆಳ್ಳಗಾಗಿ ಒಂದು ವಾರದ ಕೆಲಸ ಹಾಳಾಗಿದ್ದರೂ ನಾವು ಪಾಠ ಕಲಿತಿರಲಿಲ್ಲ.

ಕೊನೆಗೆ ರಟ್ಟಿನ ಪೆಟ್ಟಿಗೆಯೊಂದರೊಳಗೆ 40 ವ್ಯಾಟಿನ ಹಳೆಯ ತಂತಿ ಬಲ್ಬ್ ಉರಿಸಿ, ಮೇಲೆ ತೂತು ಕೊರೆದು, ಅದರಲ್ಲಿ ಮಾದರಿಯನ್ನು ಇಟ್ಟು ಒಣಗಿಸಿದೆವು. ಬಲ್ಬಿನಿಂದ ಒಂದು ಗೇಣು ದೂರವಿಡದಿದ್ದರೆ ಪ್ಲಾಸ್ಟಿಕ್ ಬಾಗುತ್ತದೆ, ನಮ್ಮದು ಬಾಗಲಿಲ್ಲ. ಉಪ್ಪನ್ನು ಎಲ್ಲ ಕಡೆಗೂ ಉದುರಿಸದೆ, ಪ್ರೊಪೆಲ್ಲರ್ ಎರಚುವ ನೀರು ಬಡಿಯುವಲ್ಲಿ ಮಾತ್ರ, ಅಂದರೆ ಹೊಟ್ಟೆಯ ಕೆಳಗೆ, ರೆಕ್ಕೆಯ ಮುಂದಿನ ಅಂಚಿನಲ್ಲಿ, ಜನ ಹತ್ತಿಳಿಯುವ ಬಾಗಿಲಿನ ಸುತ್ತ ಹಾಕಿದೆವು. ಪಟ್ಟೆ ಆ ಜಾಗಗಳ ಮೇಲೆ ಹಾದುಹೋಗುವಲ್ಲಿ ಟೂತ್‌ಪಿಕ್‌ನಿಂದ ಕೆರೆದು ಮುರಿದೆವು. ಇಡೀ ಮಾದರಿಯಲ್ಲಿ ಜನ ಹೆಚ್ಚು ಹೊತ್ತು ನೋಡುವುದು ಈ ಸವೆದ ಅಂಚುಗಳನ್ನೇ. ಪಟ್ಟೆ ನಗೆ ತರಿಸಿದರೆ ಸವೆತ ನಂಬಿಕೆ ತರಿಸುತ್ತದೆ ಎಂದು ನನಗನ್ನಿಸುತ್ತದೆ.

ತಳಪೀಠ ಮತ್ತು ಒಂದು ಪ್ರಶ್ನೆ

ತಳಪೀಠದಲ್ಲಿ ಹೊಳೆಯ ಒಂದು ತುಂಡು, ಕಲ್ಲಿನ ಧಕ್ಕೆಯ ಅಂಚು, ಹಂಚಿನ ಮಾಡಿನ ಒಂದು ಟಿಕೆಟ್ ಕೋಣೆ, ಪ್ರಯಾಣಿಕರನ್ನು ವಿಮಾನಕ್ಕೆ ಮುಟ್ಟಿಸುವ ದೋಣಿ ಇವಿಷ್ಟೇ ಇವೆ. ಮಂಗಳೂರು ಹಂಚು ಸುಮಾರು 41 ಸೆಂ.ಮೀ. ಉದ್ದವಿರುವುದರಿಂದ ಮಾದರಿಯಲ್ಲಿ 5.7 ಮಿ.ಮೀ. ಬರುತ್ತದೆ. ಅಷ್ಟು ಚಿಕ್ಕ ಹಂಚುಗಳನ್ನು ಕಾಗದದಲ್ಲಿ ಕತ್ತರಿಸಿ ಸಾಲಾಗಿ ಹೊದಿಸುವ ಕೆಲಸ ಅಳಿಯನ ಪರೀಕ್ಷೆಯ ಓದಿನ ರಜೆಯನ್ನು ತಿಂದುಹಾಕಿತು. ತಂಗಿಗೆ ಇದು ಗೊತ್ತಿಲ್ಲ.

ನವರಾತ್ರಿಯ ಮೊದಲ ದಿನ ಮಾದರಿಯನ್ನು ಚಾವಡಿಯಲ್ಲಿಟ್ಟೆವು. ಬಣ್ಣ ಬರೆಯುವ ಹಿರಿಯರು ಬಂದು ಎಡರೆಕ್ಕೆಯ ಒಂದು ಪಟ್ಟೆ ದಪ್ಪವಾಯಿತೆಂದರು. ಬೆಂಗ್ರೆಯ ಕಡೆಯಿಂದ ನಮ್ಮ ಮನೆಗೆ ಮೀನು ತರುವ ಹೆಂಗಸು ಬುಟ್ಟಿಯನ್ನು ಜಗಲಿಯಲ್ಲಿ ಇಳಿಸಿ, ಒಳಗೆ ಇಣುಕಿ, ಕಥೆಯನ್ನೆಲ್ಲ ಕೇಳಿಸಿಕೊಂಡರು. ಹುಲಿ, ಹೊಳೆ, ಮುಂಬಯಿ ಯಾವುದೂ ಅವರಿಗೆ ವಿಚಿತ್ರವೆನಿಸಲಿಲ್ಲ. ಮಳೆಗಾಲದಲ್ಲಿ ಇದು ಹಾರುವುದಿಲ್ಲ ಎಂದು ಅಳಿಯ ಹೇಳಿದಾಗ ಮಾತ್ರ ತುಳುವಿನಲ್ಲಿ ಒಂದು ಪ್ರಶ್ನೆ ಕೇಳಿದರು: ‘ಹಾಗಾದರೆ ಮಗಾ, ಆ ನಾಲ್ಕು ತಿಂಗಳು ಇದನ್ನು ಎಲ್ಲಿ ಎಳೆದು ಹಾಕುವುದು?’

ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ತುಂಬಿ ಹರಿಯುವ ಹೊಳೆಯಲ್ಲಿ ಲಂಗರು ಹಾಕಿ ಬಿಡುವಂತಿಲ್ಲ. ದಡಕ್ಕೆ ಎಳೆಯಬೇಕು. ಎಳೆಯಬೇಕಾದರೆ ಚಕ್ರ ಬೇಕು, ಬೇಡವೆಂದು ಜೂನ್‌ನಲ್ಲಿ ನಾವು ಕೈಬಿಟ್ಟ ಅದೇ ಎಡೋ ಫ್ಲೋಟಿನ ಮಡಚುವ ಚಕ್ರ. ಚಕ್ರವಿದ್ದರೆ ಧಕ್ಕೆಯ ಪಕ್ಕದಲ್ಲಿ ನೀರಿಗಿಳಿಯುವ ಒಂದು ಇಳಿಜಾರು ಬೇಕು, ಅದರ ಮೇಲ್ಗಡೆ ಒಂದು ಮಾಡು ಬೇಕು. ಹಂಚಿನ ಮಾಡೇ ಆಗಲೆಂದು ನಾನು ಹೇಳಿದೆ. ಡಕೋಟಾದ ರೆಕ್ಕೆ ಸುಮಾರು 29 ಮೀಟರ್, ಅಷ್ಟು ಅಗಲಕ್ಕೆ ನಡುವೆ ಕಂಬವಿಲ್ಲದೆ ಮರದ ಜಂತಿಯ ಮೇಲೆ ಹಂಚು ಹೊದಿಸಲು ಆಗದೆಂದು ಅಳಿಯ ಅಲ್ಲಿಯೇ ಲೆಕ್ಕ ಹಾಕಿದ. ಮೀನಿನ ಹೆಂಗಸು ಬುಟ್ಟಿ ಎತ್ತಿಕೊಳ್ಳುತ್ತ, ದೋಣಿಗೆ ಮಾಡುವ ಹಾಗೆ ಮಡಲು ಹೊದಿಸಿದರಾಯಿತು, ಇಷ್ಟಕ್ಕೆ ಯಾಕೆ ತಲೆಬಿಸಿ ಎಂದರು.

ಹೆಣೆದ ತೆಂಗಿನ ಮಡಲು ಒಂದೂವರೆ ಮೀಟರಿನದಾದರೆ ನಮ್ಮ ಪ್ರಮಾಣದಲ್ಲಿ 2 ಸೆಂ.ಮೀ.ಗೆ ತುಸು ಹೆಚ್ಚು. ಕಂದು ಕಾಗದವನ್ನು ಅರ್ಧ ಮಿಲಿಮೀಟರಿನ ಎಳೆಗಳಾಗಿ ಸೀಳಿ ಅಳಿಯ ಈಗ ಹೆಣೆಯುತ್ತಿದ್ದಾನೆ. ಇವತ್ತಿನವರೆಗೆ ಹನ್ನೊಂದು ಆಗಿವೆ, ಎರಡೂ ರೆಕ್ಕೆ ಮುಚ್ಚಲು ಇನ್ನೂರರ ಹತ್ತಿರ ಬೇಕಾಗುತ್ತದೆ.